ಶುಭ ಶುಕ್ರವಾರದ ಬರಿಯ ಬಲಿಪೀಠ

ಮುಂಬಯಿಯ ಘಾಟ್ಕೋಪರಿನ ಶ್ವೇತಾಂಬರ ಜೈನರು ಪರ್ಯುಷಣ ಪರ್ವದ ಕೊನೆಯ ದಿನ, ಸಂವತ್ಸರಿಯಂದು, ಕೈಜೋಡಿಸಿ ಒಬ್ಬರಿಗೊಬ್ಬರು ‘ಮಿಚ್ಛಾಮಿ ದುಕ್ಕಡಂ’ ಎಂದು ಕ್ಷಮೆ ಕೇಳುತ್ತಾರೆ. ಅಲ್ಲಿ ಪಾಪವನ್ನು ಮನ್ನಿಸುವ ದೇವರಿಲ್ಲ. ಮಾಡಿದ ಕರ್ಮವನ್ನು ಮಾಡಿದವರೇ ಸವೆಸಬೇಕು.

ಅದೇ ಉಪನಗರದ ಕ್ರೈಸ್ತರ ನಂಬಿಕೆ ಬೇರೆ: ಪಾಪದ ಸಾಲವನ್ನು ಇನ್ನೊಬ್ಬ, ಯೇಸು, ತೀರಿಸಿದ್ದಾನೆ.

ಈ ನಂಬಿಕೆಯ ಬೇರು ಯೆಹೂದ್ಯರ ಪ್ರಾಯಶ್ಚಿತ್ತದ ದಿನದಲ್ಲಿದೆ. ಎರಡು ಹೋತಗಳು. ಒಂದು ಬಲಿಗೆ, ಇನ್ನೊಂದರ ತಲೆಯ ಮೇಲೆ ಮಹಾಯಾಜಕ ಕೈಯಿಟ್ಟು, ಜನರ ಪಾಪವನ್ನೆಲ್ಲ ಅದಕ್ಕೆ ಹೊರಿಸಿ ಅಡವಿಗೆ ಅಟ್ಟಿಸುತ್ತಿದ್ದ. ವರ್ಷವರ್ಷವೂ ಇದೇ ವಿಧಿ. ಯೇಸುವಿನ ಮರಣವನ್ನು ಮಾತ್ರ ಹೊಸ ಒಡಂಬಡಿಕೆಯ ಇಬ್ರಿಯರ ಪತ್ರ ಒಂದೇ ಸಲಕ್ಕೆ, ಎಲ್ಲ ಕಾಲಕ್ಕೂ ಸಂದ ಬಲಿಯೆಂದು ಸಾರುತ್ತದೆ. ಆ ಮರಣವನ್ನು ನೆನೆಯುವ ಶುಭ ಶುಕ್ರವಾರ ಕ್ಯಾಥೊಲಿಕ್ ಚರ್ಚುಗಳಲ್ಲಿ ಬಲಿಪೂಜೆಯೇ ಇಲ್ಲ. ಆರಾಧನೆ ಶುರುವಾಗುವಾಗ ಬಲಿಪೀಠದ ಮೇಲೆ ಬಟ್ಟೆಯಿಲ್ಲ, ಮೇಣದಬತ್ತಿಯಿಲ್ಲ. ಜನ ಸಾಲಾಗಿ ಬಂದು, ಬಾಗಿ, ಶಿಲುಬೆಯ ಪಾದಕ್ಕೆ ಮುತ್ತಿಡುತ್ತಾರೆ.

ಈ ಸಾವನ್ನು ಕನ್ನಡದಲ್ಲಿ ಖಂಡಕಾವ್ಯವಾಗಿಸಿದವರು ಕ್ರೈಸ್ತರಲ್ಲ, ಮಂಜೇಶ್ವರದ ಎಂ. ಗೋವಿಂದ ಪೈ (1883–1963). ಯೇಸುವಿನ ಕೊನೆಯ ದಿನವೇ ‘ಗೊಲ್ಗೊಥಾ’ದ ವಸ್ತು. ಕೊಲ್ಲುವವರಿಗಾಗಿಯೇ ಶಿಲುಬೆಯ ಮೇಲಿಂದ ಕ್ಷಮೆ ಬೇಡಿದವನನ್ನು ಅನ್ಯಮತದ ಕವಿಯೂ ಇಷ್ಟು ಹಚ್ಚಿಕೊಂಡದ್ದರಲ್ಲಿ ಅಚ್ಚರಿಯಿಲ್ಲ. ಬುದ್ಧನ ಕೊನೆಯ ದಿನದ ಮೇಲೂ ಪೈಗಳು ‘ವೈಶಾಖಿ’ ಬರೆದರು.