ಪುಟ್ಟ ಪೆಟ್ಟಿಗೆಗೊಂದು ಅಟ್ಟ

ಮನೆಯ ಮೂಲೆಯಲ್ಲಿ ದೀಪ ಮಿನುಗಿಸುತ್ತಾ ಕೂತಿರುವ ಇಂಟರ್‌ನೆಟ್ ರೂಟರನ್ನು ಧೂಳು ಒರೆಸುವುದಕ್ಕಲ್ಲದೆ ಬೇರೆ ಕಾರಣಕ್ಕೆ ಎಂದಾದರೂ ಮುಟ್ಟಿದ್ದೀರಾ? 2021ರವರೆಗೆ ನಾನೂ ಮುಟ್ಟಿರಲಿಲ್ಲ.

ಆ ವರ್ಷ ಶಾಲೆಗಳು ಮುಚ್ಚಿದ್ದಾಗ ಹನೂರಿನ ಕಡೆಯ ಹಳ್ಳಿಯಿಂದ ನಾದಿನಿಯ ಮಗಳು ಆನ್‌ಲೈನ್ ತರಗತಿಗಾಗಿ ಕೊಳ್ಳೇಗಾಲದ ನಮ್ಮ ಮನೆಗೆ ಬಂದು ಉಳಿದಿದ್ದಳು. ಅವರ ಊರಲ್ಲಿ ಸಿಗ್ನಲ್ ಬೇಕೆಂದರೆ ದಿಬ್ಬ ಹತ್ತಬೇಕಿತ್ತು. ನನ್ನಿಬ್ಬರು ಮಕ್ಕಳೂ ಸೇರಿ ಮೂವರು, ಮೂರು ಮೊಬೈಲು. ಪಾಠದ ಪುಟ ತೆರೆದರೆ ಪಕ್ಕದಲ್ಲೇ ಜೂಜಿನ ಜಾಹೀರಾತು, ಹೇಳಲು ನಾಚಿಕೆಯಾಗುವ ಚಿತ್ರಗಳು. ಮಕ್ಕಳ ಹಿಂದೆ ಎಷ್ಟು ಹೊತ್ತು ಕಾವಲು ನಿಲ್ಲುವುದು?

ಯಳಂದೂರಿನಲ್ಲಿರುವ ನನ್ನ ತಮ್ಮ ಒಂದು ಹಳೆಯ ರೂಟರ್ ತಂದುಕೊಟ್ಟ. ಅದರಲ್ಲಿದ್ದ ಕಂಪೆನಿಯ ತಂತ್ರಾಂಶ ತೆಗೆದು ಓಪನ್‌ಡಬ್ಲ್ಯೂಆರ್‌ಟಿ ಎಂಬ ಉಚಿತ ತಂತ್ರಾಂಶ ಹಾಕಿದ್ದ. 2004ರಲ್ಲಿ ಆರಂಭವಾದ ಯೋಜನೆ ಅದು. ಅದರ ವಿಶೇಷವೇನೆಂದರೆ, ಮೊಬೈಲಿಗೆ ಆ್ಯಪ್ ಹಾಕಿಕೊಳ್ಳುವಂತೆ ರೂಟರಿಗೂ ಬೇಕಾದ ಪ್ಯಾಕೇಜ್ ಹಾಕಿಕೊಳ್ಳಬಹುದು. ಜಾಹೀರಾತು ತಡೆಯುವ ಪ್ಯಾಕೇಜನ್ನು ರೂಟರಿಗೇ ಹಾಕಿದರೆ ಮನೆಯ ಎಲ್ಲ ಮೊಬೈಲಿಗೂ ಒಮ್ಮೆಲೇ ತಡೆ. "ನೀನೇ ಹಾಕಿಕೋ ಅಕ್ಕಾ, ಸುಲಭ" ಎಂದು ಹೇಳಿ ಹೊರಟುಹೋದ. ತಮ್ಮಂದಿರ 'ಸುಲಭ' ನಿಮಗೂ ಗೊತ್ತಲ್ಲ!

ಅದರ ಸಂಗ್ರಹ ಒಟ್ಟು 8 ಎಂ.ಬಿ. ಮೊಬೈಲಿನ ಎರಡು ಮೂರು ಫೋಟೋಗಳ ಜಾಗ. ಅದರಲ್ಲಿ ತಂತ್ರಾಂಶವೇ ಬಹುಪಾಲು ನುಂಗಿತ್ತು. ಪ್ಯಾಕೇಜ್ ಪುಟ್ಟದೇ. ಆದರೆ ಮದುವೆಗೆ ಒಬ್ಬರನ್ನು ಕರೆದರೆ ನೆಂಟರೆಲ್ಲ ಬರುವಂತೆ, ಅದರ ಬೆನ್ನಿಗೆ ಅದು ಅವಲಂಬಿಸಿದ ಇನ್ನೂ ನಾಲ್ಕಾರು ಪ್ಯಾಕೇಜ್‌ಗಳು ಬಂದವು. ಜಾಗ ಸಾಲದೆಂದು ಅರ್ಧಕ್ಕೇ ನಿಂತಿತು.

ಬೇಡದ್ದನ್ನು ತೆಗೆದರಾಯಿತು ಎಂದುಕೊಂಡೆ. ಸೆಟ್ಟಿಂಗ್ಸ್ ಪುಟ ತೋರಿಸುವ ಪ್ಯಾಕೇಜ್ ದೊಡ್ಡದಾಗಿ ಕಂಡಿತು, ಅದನ್ನೇ ಅಳಿಸಿದೆ. ಜಾಗ ಒಂದಿಷ್ಟೂ ಹೆಚ್ಚಲಿಲ್ಲ, ಪುಟ ಮಾತ್ರ ಮಾಯವಾಯಿತು! ಆಮೇಲೆ ತಿಳಿಯಿತು: ಮೂಲ ತಂತ್ರಾಂಶವನ್ನು ಒತ್ತಿ ಕಟ್ಟಿ, ಬದಲಿಸಲಾಗದಂತೆ ಒಳಗೆ ಇಟ್ಟಿರುತ್ತಾರೆ. ನಾವು ಹಾಕುವುದು, ಅಳಿಸುವುದು ಎಲ್ಲವೂ ಅದರ ಮೇಲಿನ ತೆಳು ಪದರದಲ್ಲಿ. ಗೋಡೆಯೊಳಗಿನ ಕಲ್ಲಿನ ಗೂಡಿಗೆ ಪರದೆ ಎಳೆದಂತೆ. ಸಾಮಾನು ಕಾಣುವುದಿಲ್ಲ, ಗೂಡು ಖಾಲಿಯೂ ಆಗುವುದಿಲ್ಲ.

ರಾತ್ರಿ ಹತ್ತು ಗಂಟೆ. ಆ ಹುಡುಗಿಗೆ ಬೆಳಿಗ್ಗೆ ಪರೀಕ್ಷೆ. "ಮಾಮಿ, ನೆಟ್ ಬರುತ್ತದಲ್ಲ?" ಎಂದು ಎರಡು ಸಲ ಬಂದು ಕೇಳಿದಳು. ತಮ್ಮ ಫೋನಿನಲ್ಲಿ ಹೇಳಿದಂತೆ ರೀಸೆಟ್ ಗುಂಡಿಯನ್ನು ಪಿನ್ನಿನಿಂದ ಹತ್ತು ಸೆಕೆಂಡು ಒತ್ತಿ ಹಿಡಿದೆ. ಮೇಲಿನ ಪದರವೆಲ್ಲ ಅಳಿದು, ಕೆಳಗಿನ ಮೂಲ ಪ್ರತಿ ಇದ್ದಂತೆಯೇ ಹೊರಬಂತು. ಮಾಯವಾದ ಪುಟವೂ ಬಂತು. ಆದರೆ ಅದರ ಜೊತೆ ಇಂಟರ್‌ನೆಟ್‌ನ ಪಾಸ್‌ವರ್ಡೂ ಅಳಿದಿತ್ತು. ವೈಫೈ ಕೂಡ ಆರಿಹೋಗಿತ್ತು, ತಂತಿ ಚುಚ್ಚಿಯೇ ಲ್ಯಾಪ್‌ಟಾಪ್ ಸೇರಿಸಬೇಕಾಯಿತು. ಪಾಸ್‌ವರ್ಡ್ ಎಲ್ಲೂ ಸಿಗದೆ ಕಣ್ಣಲ್ಲಿ ನೀರು ಬಂತು. ಕೊನೆಗೆ ನಮ್ಮವರು ತಮ್ಮ ರೇಷ್ಮೆಗೂಡಿನ ಲೆಕ್ಕದ ಪುಸ್ತಕ ತೆಗೆದರು. ಹಿಂದಿನ ರಟ್ಟಿನ ಮೇಲೆ ಬರೆದಿಟ್ಟಿದ್ದರು! ಅಂದಿನಿಂದ ರೂಟರ್ ಮುಟ್ಟುವ ಮೊದಲು ಸೆಟ್ಟಿಂಗ್ಸ್‌ನ ಬ್ಯಾಕಪ್ ಇಳಿಸಿಕೊಳ್ಳುತ್ತೇನೆ.

ಪರೀಕ್ಷೆ ಮುಗಿದ ಮೇಲೆಯೇ ಮತ್ತೆ ಕೈಹಾಕಿದೆ. ರೂಟರಿನ ಹಿಂದೆ ಯುಎಸ್‌ಬಿ ಕಿಂಡಿ ಇತ್ತು. ಉಳಿದಿದ್ದ ಅಲ್ಪ ಜಾಗದಲ್ಲಿ ಪೆನ್‌ಡ್ರೈವ್ ಗುರುತಿಸುವ ಮೂರು ನಾಲ್ಕು ಪ್ಯಾಕೇಜ್‌ಗಳನ್ನು ಮಾತ್ರ ಹಾಕಿ, ಪೆನ್‌ಡ್ರೈವನ್ನು ಲಿನಕ್ಸ್‌ನ ಇಎಕ್ಸ್‌ಟಿ4 ಮಾದರಿಗೆ ಫಾರ್ಮ್ಯಾಟ್ ಮಾಡಿ, ಮೇಲಿನ ಪದರವನ್ನೇ ಅದಕ್ಕೆ ನಕಲಿಸಿ, ಇನ್ನು ಮುಂದೆ ಬರೆಯುವುದೆಲ್ಲ ಅಲ್ಲಿಗೇ ಹೋಗುವಂತೆ ಹೇಳಿ ರೂಟರನ್ನು ಮತ್ತೆ ಚಾಲೂ ಮಾಡಿದೆ. ಇದಕ್ಕೆ ಎಕ್ಸ್‌ಟ್‌ರೂಟ್ ಎನ್ನುತ್ತಾರೆ. ನಾನು ಅಟ್ಟ ಎನ್ನುತ್ತೇನೆ. ನಿಮ್ಮದು 4 ಎಂ.ಬಿ.ಯ ರೂಟರ್ ಆದರೆ ಸುಮ್ಮನೆ ಹೆಣಗಬೇಡಿ. ಇದಕ್ಕೆ ಬೇಕಾದ ಪ್ಯಾಕೇಜ್‌ಗಳಿಗೇ ಅಲ್ಲಿ ಜಾಗ ಸಾಲುವುದು ಕಷ್ಟ, ಓಪನ್‌ಡಬ್ಲ್ಯೂಆರ್‌ಟಿಯ ಹೊಸ ಆವೃತ್ತಿಗಳೂ ಅಂಥವನ್ನು ಕೈಬಿಟ್ಟಿವೆ.

ಅತಿಯಾಸೆಯಿಂದ ನಿಷೇಧಿತ ತಾಣಗಳ ಅತ್ಯಂತ ಉದ್ದದ ಪಟ್ಟಿ ಆರಿಸಿದೆ. ರೂಟರ್ ಹೆಪ್ಪುಗಟ್ಟಿ ಕೂತಿತು. ಆ ಪಟ್ಟಿಯನ್ನು ಅದು 64 ಎಂ.ಬಿ. ರ‍್ಯಾಮ್‌ನಲ್ಲಿ ಹಿಡಿದುಕೊಳ್ಳಬೇಕು. ಅಟ್ಟ ಕಟ್ಟಿದರೆ ಒಲೆ ದೊಡ್ಡದಾಗುತ್ತದೆಯೇ? ಚಿಕ್ಕ ಪಟ್ಟಿ ಹಾಕಿದೆ, ಸರಿಹೋಯಿತು. ಪಾಠದ ಪುಟಗಳು ಶುಭ್ರವಾದವು. ಯೂಟ್ಯೂಬಿನ ಜಾಹೀರಾತು ಮಾತ್ರ ಇದಕ್ಕೆ ಬಗ್ಗದು. ಅವು ವೀಡಿಯೋ ಬರುವ ತಾಣದಿಂದಲೇ ಬರುತ್ತವೆ, ಒಂದನ್ನು ತಡೆದರೆ ಎರಡೂ ನಿಲ್ಲುತ್ತವೆ.

ಕಳೆದ ತಿಂಗಳು ಒಂದು ಸಂಜೆ ಜೂಜಿನ ಜಾಹೀರಾತು ದಿಢೀರನೆ ಮರಳಿತು. ನೋಡಿದರೆ ಕಿರಿಯವನು ಮದುವೆಯ ಫೋಟೋ ತುಂಬಿಸಲೆಂದು ಪೆನ್‌ಡ್ರೈವ್ ಕಿತ್ತುಕೊಂಡಿದ್ದಾನೆ. ಕರೆಂಟ್ ಹೋಗಿ ಬಂದಾಗ ಅಟ್ಟ ಸಿಗದೆ ರೂಟರ್ ತನ್ನ ಹಳೆಯ ಒಳಪದರದಿಂದಲೇ ಎದ್ದಿತ್ತು. ಪುಣ್ಯಕ್ಕೆ ಅವನಿನ್ನೂ ಏನೂ ಅಳಿಸಿರಲಿಲ್ಲ. ಮತ್ತೆ ಚುಚ್ಚಿ ರೂಟರ್ ಆರಿಸಿ ಹಚ್ಚಿದೆ, ಎಲ್ಲವೂ ಇದ್ದಂತೆಯೇ ಬಂತು. ಈಗ ಪೆನ್‌ಡ್ರೈವನ್ನು ರೂಟರಿಗೆ ಸೇರಿಸಿ ರೇಷ್ಮೆ ದಾರದಲ್ಲಿ ಬಿಗಿಯಾಗಿ ಸುತ್ತಿಟ್ಟಿದ್ದೇನೆ.