ಒಂದು ಸ್ಕ್ರೂ ಬಿಚ್ಚಲು ಹೋಗಿ

ಕುರುಗೋಡಿನ ದೊಡ್ಡಬಸವೇಶ್ವರ ಗುಡಿಯ ಹತ್ತಿರ ಚಹಾ ಕುಡಿದು ಕಾರು ಹತ್ತಿದಾಗ ಬುಧವಾರ ಸಂಜೆ ಐದೂವರೆ. ಕೀ ತಿರುಗಿಸಿದರೆ ಎಂಜಿನ್ ಶುರುವಾಗುತ್ತದೆ, ಕೈ ಬಿಟ್ಟ ತಕ್ಷಣ ನಿಂತುಹೋಗುತ್ತದೆ. ಹತ್ತು ಸಲ ತಿರುಗಿಸಿದೆವು, ಹತ್ತು ಸಲವೂ ಅದೇ ಕತೆ.

ನಾವು ಅಂದರೆ ಮೂವರು. ಪತ್ರಿಕೋದ್ಯಮ ಓದುವಾಗ ಒಂದೇ ತರಗತಿ. ಒಬ್ಬ ಬಳ್ಳಾರಿಯವನು, ಒಬ್ಬಳು ಕುರುಗೋಡಿನವಳು, ಇನ್ನೊಬ್ಬ ಸಿರುಗುಪ್ಪದವನು. ಅವತ್ತು ಕಾಲುವೆಯ ಕೊನೆ ಭಾಗದ ರೈತರನ್ನು ಮಾತಾಡಿಸಲು ಹೋಗಿದ್ದೆವು. ಒಬ್ಬ ಹಿರಿಯರ ಮುಖಕ್ಕೆ ಫೋನು ಹಿಡಿದು 'ನೀರು ಬಂತಾ, ಎಷ್ಟು ನಷ್ಟ ಆಯ್ತು' ಎಂದು ಕೇಳಿದೆವು. ಅವರು ಎರಡು ಮಾತಾಡಿ ಸುಮ್ಮನಾದರು. ಇಪ್ಪತ್ತು ನಿಮಿಷಕ್ಕೆ ನಾವೂ ಎದ್ದು ಬಂದಿದ್ದೆವು.

ಕಾರು ಸಿರುಗುಪ್ಪದವನ ಅಪ್ಪನದು, ಹದಿನೈದು ವರ್ಷ ಹಳೆಯದು. ವರದಿಗೆ ಅಂತ ನಾವು ಆಗಾಗ ಕೇಳಿ ತರುತ್ತೇವೆ. ಆದರೆ ಮಂಗಳವಾರ, ಶುಕ್ರವಾರ ಮಾತ್ರ ಅದನ್ನು ಯಾರೂ ಕೇಳುವಂತಿಲ್ಲ. ಆ ಎರಡು ದಿನ ಅವನ ಅಮ್ಮನನ್ನು ಡಯಾಲಿಸಿಸ್‌ಗೆ ಬಳ್ಳಾರಿಗೆ ಕರೆತರಬೇಕು. ಸಿರುಗುಪ್ಪದಿಂದ ಐವತ್ತು ಕಿಲೋಮೀಟರಿಗೂ ಮೇಲೆ. ಬಸ್ಸುಗಳಿವೆ, ಬರುವಾಗ ಹೇಗೋ ಬಂದಾರು. ನಾಲ್ಕು ತಾಸು ಯಂತ್ರದ ಪಕ್ಕ ಮಲಗಿ ಎದ್ದವರಿಗೆ ವಾಪಸ್ ಹೋಗುವಾಗ ಬಸ್ಸಿನ ನೂಕುನುಗ್ಗಲು ಆಗುವ ಮಾತಲ್ಲ. ಅಂದರೆ ನಮ್ಮ ಕೈಯಲ್ಲಿ ಇದ್ದದ್ದು ಒಂದೂವರೆ ದಿನ.

ಕುರುಗೋಡಿನ ಮೆಕ್ಯಾನಿಕ್ ಟೆಸ್ಟ್ ಲ್ಯಾಂಪ್ ಹಿಡಿದು ಐದು ನಿಮಿಷದಲ್ಲಿ ರೋಗ ಕಂಡುಹಿಡಿದರು. ಇಗ್ನಿಷನ್ ಸ್ವಿಚ್ ಅಂದರೆ ಒಂದೇ ವಸ್ತು ಅಂದುಕೊಂಡಿದ್ದೆವು, ಅದು ಎರಡು. ಮುಂದೆ ಕೀ ಹೋಗುವ ಬೀಗ. ಸ್ಟೀರಿಂಗ್ ಲಾಕ್ ಮಾಡುವುದೂ ಅದೇ. ಬೀಗದ ಹಿಂದೆ ಕರೆಂಟ್ ಹಂಚುವ ಪುಟ್ಟ ಡಬ್ಬಿ. ಕೀಯನ್ನು ಸ್ಟಾರ್ಟ್‌ಗೆ ತಿರುಗಿಸಿದಾಗ ಎಂಜಿನ್‌ಗೆ ಕರೆಂಟ್ ಸಿಗುತ್ತಿತ್ತು. ಕೈ ಬಿಟ್ಟಾಗ ಸ್ಪ್ರಿಂಗ್ ಅದನ್ನು ಆನ್‌ಗೆ ತರುತ್ತದಲ್ಲ, ಅಲ್ಲಿನ ತಾಮ್ರದ ಬಿಲ್ಲೆ ಸವೆದುಹೋಗಿತ್ತು. "ಡಬ್ಬಿ ಬದಲಿಸಿದ್ರ ಸಾಕು. ಎರಡು ಸ್ಕ್ರೂ ಬಿಚ್ಚೋದು, ಹಾಕೋದು. ಆದ್ರ ಅದು ಇಲ್ಲಿ ಸಿಗಂಗಿಲ್ಲ," ಎಂದರು. ತಾತ್ಕಾಲಿಕವಾಗಿ ವೈರ್ ಜೋಡಿಸಿಕೊಟ್ಟರು. ಬಳ್ಳಾರಿ ಸೇರಿದೆವು.

ಅಂಗಡಿ ಮುಚ್ಚುವ ಹೊತ್ತಿಗೆ ಡಬ್ಬಿ ಸಿಕ್ಕಿತು. ಎರಡೇ ಸ್ಕ್ರೂ ಅಂದಿದ್ದರಲ್ಲ, ಗ್ಯಾರೇಜ್ ಖರ್ಚು ಯಾಕೆ ಎಂದು ಬಳ್ಳಾರಿಯವನ ಮನೆ ಮುಂದೆ ರಾತ್ರಿ ನಾವೇ ಕೂತೆವು. ಒಬ್ಬರು ಮೊಬೈಲ್ ಟಾರ್ಚ್ ಹಿಡಿದರು, ಒಬ್ಬರು ಪೆಡಲ್ ಪಕ್ಕ ತಲೆ ತೂರಿಸಿ ಮಲಗಿದರು. ಫ್ಯಾನ್ ರಿಪೇರಿಗೆ ಇಟ್ಟಿದ್ದ ಸ್ಕ್ರೂಡ್ರೈವರು. ಒಂದು ಸ್ಕ್ರೂ ಬಂತು. ಇನ್ನೊಂದು ಓರೆಯಾಗಿ ಮಾತ್ರ ಕೈಗೆ ಸಿಗುತ್ತಿತ್ತು. ತಿರುಗಿಸಿದಷ್ಟೂ ಡ್ರೈವರ್ ಜಾರಿತು. ಮೂವರೂ ಸರದಿಯಲ್ಲಿ ಬಲ ಹಾಕಿದೆವು. ಹತ್ತು ಗಂಟೆಗೆ ಟಾರ್ಚ್ ಬಿಟ್ಟು ನೋಡಿದರೆ ಸ್ಕ್ರೂವಿನ ತಲೆಯಲ್ಲಿದ್ದ ಕೂಡುಗೆರೆ ಸವೆದು ಬಟ್ಟಲಾಗಿತ್ತು. ಕೆಟ್ಟಿದ್ದ ಸ್ವಿಚ್ ಹಾಗೇ ಇತ್ತು, ಅದರ ಮೇಲೆ ಸ್ಕ್ರೂವನ್ನೂ ನಾವು ಕೆಡಿಸಿದ್ದೆವು. ಸಿರುಗುಪ್ಪದವನು ಮನೆಗೆ ಫೋನ್ ಮಾಡಿ "ಸಣ್ಣ ರಿಪೇರಿ, ನಾಳೆ ಬರ್ತೀನಿ" ಅಂದ. ಅವನ ದನಿ ಕೇಳಿ ನಾವಿಬ್ಬರೂ ಸುಮ್ಮನಾದೆವು.

ಗುರುವಾರ ಬೆಳಿಗ್ಗೆ ಕೌಲ್‌ಬಜಾರ್ ಕಡೆಯ ಒಂದು ಸಣ್ಣ ಗ್ಯಾರೇಜಿಗೆ ಕಾರು ಒಯ್ದೆವು. ಮೇಸ್ತ್ರಿಗೆ ಅರವತ್ತು ದಾಟಿರಬೇಕು. ಬಗ್ಗಿ ನೋಡಿ, "ಯಾರು ಕೈ ಹಾಕಿದ್ರು?" ಎಂದಷ್ಟೇ ಕೇಳಿದರು. ನಾವು ಉತ್ತರ ಕೊಡಲಿಲ್ಲ.

ಅವರು ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ತೆಗೆದರು. ಆಮೇಲೆ ಸ್ಟೀರಿಂಗ್ ಕಾಲಮ್ಮಿನ ಬೋಲ್ಟ್ ಬಿಚ್ಚಿ ಅದನ್ನು ಕೆಳಗಿಳಿಸಿದರು. ರಾತ್ರಿ ನಾವು ಓರೆಯಾಗಿ ಗುದ್ದಾಡಿದ್ದ ಸ್ಕ್ರೂ ಈಗ ಎದುರಿಗೇ ನಿಂತಿತು. ಅದಕ್ಕೆ ನಾಲ್ಕು ಹನಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, "ನಡೀರಿ, ಚಾ ಕುಡಿಯೋಣ" ಅಂದರು. ನಮಗೆ ಗಡಿಯಾರದ ಚಿಂತೆ. ಅವರು ಇಸ್ತ್ರಿ ಅಂಗಡಿಯವನ ಜೊತೆ ಅರ್ಧ ಗಂಟೆ ಮಾತಾಡಿದರು.

ಕಬ್ಬಿಣದ ಸ್ಕ್ರೂ, ಬೇರೆ ಲೋಹದಲ್ಲಿ ಎರಕ ಹೊಯ್ದ ಮನೆ. ಎರಡು ಬೇರೆ ಲೋಹಗಳ ನಡುವೆ ತೇವ ಸೇರಿದರೆ ತುಕ್ಕು ಅಂಟಿನ ಹಾಗೆ ಕಚ್ಚಿಕೊಳ್ಳುತ್ತದೆ. ಅದಕ್ಕೆ ತಿರುಗಿಸುವ ಬಲಕ್ಕಿಂತ ಪೆಟ್ಟು ಒಳ್ಳೆಯದಂತೆ. ಸರಿಯಾದ ಅಳತೆಯ ಬಿಟ್ ಕೂರಿಸಿ ಹಿಂದಿನಿಂದ ಸುತ್ತಿಗೆಯಲ್ಲಿ ನಾಲ್ಕು ಬಾರಿ ತಟ್ಟಿದರು. ಮೊದಲು ಬಿಗಿ ಮಾಡುವ ಕಡೆಗೇ ಕೂದಲೆಳೆಯಷ್ಟು ತಿರುಗಿಸಲು ನೋಡಿದರು, ಆಮೇಲೆ ಬಿಚ್ಚುವ ಕಡೆಗೆ. "ಒತ್ತೋದು ಮುಕ್ಕಾಲು ಪಾಲು, ತಿರುಗಿಸೋದು ಕಾಲು ಪಾಲು." ನಾವು ಮಾಡಿದ್ದು ಇದರ ಉಲ್ಟಾ. ಕೂಡುಗೆರೆ ಸ್ಕ್ರೂಗಳಲ್ಲೂ ಜಾತಿಗಳಿವೆ ಎಂದು ಗೊತ್ತಾಯಿತು. 1930ರ ದಶಕದಲ್ಲಿ ಅಮೆರಿಕದ ಹೆನ್ರಿ ಫಿಲಿಪ್ಸ್ ಬಳಕೆಗೆ ತಂದ ಆಕಾರ ಬೇರೆ, ಜಪಾನಿನವರ ಅಳತೆ ಸ್ವಲ್ಪ ಬೇರೆ. ಒಂದರ ಡ್ರೈವರನ್ನು ಇನ್ನೊಂದಕ್ಕೆ ಹಾಕಿದರೆ ಕೂತಂತೆ ಕಾಣುತ್ತದೆ, ಬಲ ಬಿದ್ದಾಗ ಜಾರುತ್ತದೆ.

ನಾವು ಕೆಡಿಸಿದ ತಲೆಯಲ್ಲಿ ಅವರ ಬಿಟ್ಟೂ ನಿಲ್ಲಲಿಲ್ಲ. ಮುರಿದ ಸ್ಕ್ರೂ ಎಳೆಯುವ ಎಕ್ಸ್‌ಟ್ರಾಕ್ಟರ್ ಅವರ ಡಬ್ಬಿಯಲ್ಲಿತ್ತು, ಆದರೆ ಕೈಗೆತ್ತಿಕೊಳ್ಳಲಿಲ್ಲ. ಅದು ಒಳಗೇ ಮುರಿದರೆ ಗಟ್ಟಿ ಉಕ್ಕು, ಸಾಮಾನ್ಯ ಡ್ರಿಲ್‌ಗೂ ಬಗ್ಗುವುದಿಲ್ಲ. ಬದಲಿಗೆ ಸ್ಕ್ರೂವಿನ ನಟ್ಟನಡುವೆ ಪಂಚ್ ಹೊಡೆದು ಗುರುತು ಮಾಡಿ, ಎಡಕ್ಕೆ ಕೊರೆಯುವ ಬಿಟ್ ಹಾಕಿ ಡ್ರಿಲ್ಲನ್ನು ಹಿಂದಕ್ಕೆ ನಿಧಾನ ಓಡಿಸಿದರು. ಕೊರೆಯುವುದೂ ಬಿಚ್ಚುವುದೂ ಒಂದೇ ದಿಕ್ಕಿಗೆ. ಎರಡು ನಿಮಿಷವಾಗಿರಬೇಕು, ಬಿಟ್ ಕಚ್ಚಿಕೊಂಡಿತು. 'ಟಕ್' ಎಂದು ಸ್ಕ್ರೂ ತಾನಾಗಿ ಹೊರಗೆ ಬಂತು.

ಬೀಗವನ್ನು ಕಾಲಮ್ಮಿಗೆ ಹಿಡಿದಿದ್ದ ಎರಡು ನುಣುಪು ಬೋಲ್ಟ್ ತೋರಿಸಿ, "ನಿಮ್ಮ ಪುಣ್ಯ, ಇವಕ್ಕ ಕೈ ಹಾಕಲಿಲ್ಲ" ಅಂದರು. ಬಿಗಿ ಮಾಡುವಾಗಲೇ ಅವುಗಳ ತಲೆ ಮುರಿದು ಬೀಳುತ್ತದೆ, ಮತ್ತೆ ಯಾರೂ ಸುಲಭದಲ್ಲಿ ಬಿಚ್ಚಬಾರದು ಎಂದೇ ಹಾಗೆ ಮಾಡಿರುತ್ತಾರೆ. "ಕಳ್ಳನತ್ರ ಟೈಮ್ ಇರಂಗಿಲ್ಲ, ಅದಕ್ಕ ಇದು. ನಿಮ್ಮತ್ರ ರಾತ್ರಿಯೆಲ್ಲಾ ಇತ್ತು. ಆದ್ರೂ ಕಳ್ಳರಂಗ ಅವಸರ ಮಾಡೀರಿ."

ಹೊಸ ಡಬ್ಬಿ ಕೂರಿಸಿದ ಮೇಲೆ ಅವರ ಕಣ್ಣು ಕೀ ಗೊಂಚಲಿನ ಮೇಲೆ ಬಿತ್ತು. ಮನೆ, ಗೋದಾಮು, ಬೀರು ಎಲ್ಲದರ ಬೀಗದ ಕೈಯೂ ಒಂದೇ ಉಂಗುರದಲ್ಲಿ. "ಇಷ್ಟು ಭಾರ ಯಾಕ ನೇತಾಡಬೇಕು?" ಎಂದರು. ನಮಗೆ ನೆನಪಾದದ್ದು ಓದುವಾಗ ತಿಳಿದ ಜನರಲ್ ಮೋಟಾರ್ಸ್ ಪ್ರಕರಣ. 2014ರಲ್ಲಿ ಆ ಕಂಪನಿ ಇಗ್ನಿಷನ್ ಸ್ವಿಚ್ಚಿನ ದೋಷಕ್ಕಾಗಿ ಸುಮಾರು 26 ಲಕ್ಷ ಸಣ್ಣ ಕಾರುಗಳನ್ನು ವಾಪಸ್ ಕರೆಸಿತು. ಗೊಂಚಲು ಭಾರವಾಗಿದ್ದರೆ, ಕಾರು ಕುಲುಕಿದರೆ ಕೀ ಆನ್‌ನಿಂದ ಜಾರುತ್ತಿತ್ತು. ಎಂಜಿನ್ ನಿಲ್ಲುತ್ತಿತ್ತು, ಏರ್‌ಬ್ಯಾಗೂ ತೆರೆಯುತ್ತಿರಲಿಲ್ಲ. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. ಕಂಪನಿ ಒಳಗಿನ ಭಾಗ ಬದಲಿಸಿ ಹಳೆಯ ನಂಬರನ್ನೇ ಉಳಿಸಿತ್ತು. ವಕೀಲರೊಬ್ಬರ ಪರವಾಗಿ ಎಂಜಿನಿಯರ್ ಒಬ್ಬರು ಹಳೆಯದನ್ನೂ ಹೊಸದನ್ನೂ ಬಿಚ್ಚಿ ಹೋಲಿಸಿ ನೋಡಿದ ಮೇಲೆ ಅದು ಬಯಲಾಯಿತು. ದೂರ ಯಾಕೆ, 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋದಾಗ ಸಿರುಗುಪ್ಪದ ಭತ್ತದ ರೈತರು ಹೇಗೆ ನಿದ್ದೆಗೆಟ್ಟರು ಎಂದು ನಾವೇ ಕಂಡಿದ್ದೇವೆ.

ಶುಕ್ರವಾರ ಬೆಳಿಗ್ಗೆ ಅಮ್ಮ ಕಾರಲ್ಲೇ ಬಂದರು. ಅವರು ಒಳಗೆ ಹೋದ ಮೇಲೆ ಮಗ ಆಸ್ಪತ್ರೆಯಲ್ಲಿ ಉಳಿದ, ನಾವಿಬ್ಬರು ಕುರುಗೋಡಿಗೆ ಹೋದೆವು. ಆ ಹಿರಿಯರು ಹೊಲದ ಬದುವಿನ ಮೇಲಿದ್ದರು. ಫೋನ್ ಜೇಬಲ್ಲೇ ಇಟ್ಟು ಪಕ್ಕದಲ್ಲಿ ಕೂತೆವು. ಮೊದಲ ಅರ್ಧ ಗಂಟೆ ಮಳೆ, ಎತ್ತು, ಮಗಳ ಮದುವೆ. ಆಮೇಲೆ ಅವರೇ ಎದ್ದು, "ಬರ್ರಿ, ನೀರು ಎಲ್ಲಿ ನಿಲ್ಲತೈತಿ ತೋರಿಸ್ತೀನಿ" ಎಂದು ಕಾಲುವೆ ಕಡೆ ನಡೆದರು. ಆ ವರದಿ ಇನ್ನೂ ಬರೆಯುತ್ತಿದ್ದೇವೆ, ಈ ಸಲ ತಡವಾದರೂ ಸರಿ.

ಮಧ್ಯಾಹ್ನ ಅಮ್ಮ ಸುಸ್ತಾಗಿ ಹಿಂದಿನ ಸೀಟಿನಲ್ಲಿ ಒರಗಿದರು. ಕೀ ತಿರುಗಿತು, ಎಂಜಿನ್ ನಿಲ್ಲಲಿಲ್ಲ. ಕಣ್ಣು ಮುಚ್ಚಿಕೊಂಡೇ, "ಗೊಂಚಲು ಸಪ್ಪಳ ಇಲ್ಲಲ್ಲೋ, ಮನೆ ಬೀಗದ ಕೈ ಎಲ್ಲಿ?" ಎಂದು ಕೇಳಿದರು. ಅದು ಗ್ಯಾರೇಜಿನ ಮೇಜಿನ ಮೇಲಿತ್ತು. ಕಾರು ಕೌಲ್‌ಬಜಾರ್ ಕಡೆಗೆ ತಿರುಗಿಸಿದೆವು.