ನಾನೇನ್ ಹರಿಶ್ಚಂದ್ರ ಅಲ್ರೀ

ನನ್ನ ತಮ್ಮ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದಾನೆ. ಬೆಳಿಗ್ಗೆ ರೊಟ್ಟಿ ಬುತ್ತಿ ಕಟ್ಟಿಸಿಕೊಂಡು ಕೂಡ್ಲಿಗಿ ಗ್ರಂಥಾಲಯಕ್ಕೆ ಹೋದರೆ ಬರೋದು ಸಂಜೆ ಬಸ್ಸಿಗೆ. ಇತಿಹಾಸ, ಸಂವಿಧಾನ ಎಲ್ಲ ಉರು ಹೊಡೆಯುತ್ತಾನೆ. ಮಾನಸಿಕ ಸಾಮರ್ಥ್ಯದ ಲೆಕ್ಕ ಬಂದರೆ ಮಾತ್ರ ಪುಸ್ತಕ ತಂದು ನನ್ನ ಮುಂದೆ ಹಿಡಿಯುತ್ತಾನೆ. ಪತ್ರಿಕೋದ್ಯಮ ಓದಿದವನಿಗೆ ಇದೆಲ್ಲ ಬರುತ್ತೆ ಅನ್ನೋದು ಅವನ ನಂಬಿಕೆ. ಆ ನಂಬಿಕೆ ಕೆಡಿಸೋಕೆ ನನಗೂ ಮನಸ್ಸಿಲ್ಲ.

ಮೊನ್ನೆ ತಂದದ್ದು ಹಳೇ ಲೆಕ್ಕವೇ, ನೀವೂ ಕೇಳಿರುತ್ತೀರಿ. ದಾರಿ ಎರಡಾಗಿ ಒಡೆಯುತ್ತೆ. ಒಂದು ಊರಿಗೆ ಹೋಗುತ್ತೆ, ಇನ್ನೊಂದು ಕಾಡಿಗೆ. ಕವಲಿನಲ್ಲಿ ಇಬ್ಬರು ನಿಂತಿದ್ದಾರೆ. ಒಬ್ಬ ಯಾವಾಗಲೂ ನಿಜ ಹೇಳುವವನು, ಇನ್ನೊಬ್ಬ ಯಾವಾಗಲೂ ಸುಳ್ಳು ಹೇಳುವವನು. ಯಾರು ಯಾರು ಅಂತ ನಮಗೆ ಗೊತ್ತಿಲ್ಲ. ಒಬ್ಬನಿಗೆ ಒಂದೇ ಒಂದು ಪ್ರಶ್ನೆ ಕೇಳಿ ಊರಿನ ದಾರಿ ಹಿಡಿಯಬೇಕು.

ತಮ್ಮನಿಗೆ ಅರ್ಥ ಆಗಲಿ ಅಂತ ಊರಿನ ಜಾಗದಲ್ಲಿ ಕೊಟ್ಟೂರು ಇಟ್ಟೆ, ಕಾಡಿನ ಜಾಗದಲ್ಲಿ ಗುಡೇಕೋಟೆಯ ಕರಡಿಧಾಮ ಇಟ್ಟೆ. ದಾರಿ ತಪ್ಪಿದರೆ ಏನಾಗುತ್ತೆ ಅಂತ ಗೊತ್ತಿರಬೇಕಲ್ಲ! ಕೇಳಬೇಕಾದ ಪ್ರಶ್ನೆ ಇದು: "ಕೊಟ್ಟೂರಿನ ದಾರಿ ಯಾವುದು ಅಂತ ನಿನ್ನ ಜೊತೆಗಾರನ್ನ ಕೇಳಿದ್ರೆ ಅವನು ಯಾವುದನ್ನ ತೋರಿಸ್ತಾನೆ?" ನಿಜ ಹೇಳುವವನು ಸುಳ್ಳುಗಾರನ ಸುಳ್ಳನ್ನು ಇದ್ದಂಗೇ ಒಪ್ಪಿಸುತ್ತಾನೆ, ಕರಡಿಧಾಮ ತೋರಿಸುತ್ತಾನೆ. ಸುಳ್ಳುಗಾರ ತನ್ನ ಜೊತೆಗಾರನ ನಿಜವನ್ನು ತಿರುಚುತ್ತಾನೆ, ಅವನೂ ಕರಡಿಧಾಮವನ್ನೇ ತೋರಿಸುತ್ತಾನೆ. ಯಾರನ್ನು ಕೇಳಿದರೂ ತಪ್ಪು ದಾರಿಯೇ ಸಿಗುವುದರಿಂದ ಇನ್ನೊಂದನ್ನು ಹಿಡಿದರೆ ಆಯಿತು. ಯಾರು ಸುಳ್ಳುಗಾರ ಅಂತ ಕಂಡುಹಿಡಿಯುವ ಗೋಜೇ ಇಲ್ಲ.

"ಅಣ್ಣ, ಹಂಗಾದ್ರ ಸುಳ್ಳು ಹೇಳೋನೂ ನಿಜ ಹೇಳೋನಷ್ಟೇ ಉಪಯೋಗಕ್ಕೆ ಬರ್ತಾನ" ಅಂದ ತಮ್ಮ. ಸರಿಯಾಗಿ ಹಿಡಿದಿದ್ದ. ಯಾವಾಗಲೂ ಸುಳ್ಳು ಹೇಳುವವನು ನಿಜ ಹೇಳುವವನಷ್ಟೇ ನಂಬಿಕಸ್ಥ. ಅವನ ಮಾತು ತಿರುಗಿಸಿಕೊಂಡರೆ ಸಾಕು.

ಈ ಲೆಕ್ಕಗಳನ್ನು ಜಗತ್ತಿನ ತುಂಬ ಹಬ್ಬಿಸಿದವರು ಅಮೆರಿಕದ ರೇಮಂಡ್ ಸ್ಮಲ್ಯನ್. 1919ರಲ್ಲಿ ಹುಟ್ಟಿ 2017ರವರೆಗೆ ಬದುಕಿದ್ದರು. ಗಣಿತದ ಮೇಷ್ಟ್ರು, ಪಿಯಾನೋ ನುಡಿಸುವವರು, ಜಾದೂಗಾರರೂ ಹೌದು. ಇಂಥ ಲೆಕ್ಕಗಳನ್ನೇ ತುಂಬಿ 1978ರಲ್ಲಿ ತಂದ ಪುಸ್ತಕದ ಹೆಸರೇ 'ಈ ಪುಸ್ತಕದ ಹೆಸರೇನು?' ಅಂತ. ಅದರಲ್ಲಿ ಒಂದು ದ್ವೀಪ. ಅಲ್ಲಿಯ ಜನ ಒಂದೋ ಸತ್ಯವಂತರು, ಇಲ್ಲಾ ಸುಳ್ಳುಗಾರರು. ಇಬ್ಬರು ಎದುರಾಗುತ್ತಾರೆ, ಒಬ್ಬ "ನಾವಿಬ್ಬರೂ ಸುಳ್ಳುಗಾರರೇ" ಅನ್ನುತ್ತಾನೆ ಅಂದುಕೊಳ್ಳಿ. ಸತ್ಯವಂತನಾಗಿದ್ದರೆ ಅವನ ಬಾಯಲ್ಲಿ ಆ ಮಾತು ಬರುವ ಹಾಗೇ ಇಲ್ಲ. ಅಲ್ಲಿಗೆ ಅವನು ಸುಳ್ಳುಗಾರ. ಅವನ ಮಾತು ಸುಳ್ಳಾಗಬೇಕಾದರೆ ಇಬ್ಬರೂ ಸುಳ್ಳುಗಾರರಾಗಿರಬಾರದು, ಹಾಗಾಗಿ ಪಕ್ಕದವನು ಸತ್ಯವಂತ. ಒಂದೇ ಮಾತಿನಲ್ಲಿ ಇಬ್ಬರ ಜಾತಕವೂ ಸಿಕ್ಕಿತು.

ಆ ದ್ವೀಪದಲ್ಲಿ ಯಾರೂ ಹೇಳಲಾಗದ ಒಂದು ಮಾತಿದೆ. "ನಾನು ಸತ್ಯವಂತ ಅಲ್ಲ." ಸತ್ಯವಂತ ಹೇಳಿದರೆ ಅದು ಸುಳ್ಳಾಗುತ್ತೆ, ಸುಳ್ಳುಗಾರ ಹೇಳಿದರೆ ನಿಜ ಆಗಿಬಿಡುತ್ತೆ. ತಮ್ಮನಿಗೆ ಇದನ್ನು ಬಿಡಿಸಿ ಹೇಳುತ್ತಾ ಹೇಳುತ್ತಾ ನಾನು ಅರ್ಧಕ್ಕೇ ನಿಂತೆ. ಆ ಮಾತನ್ನು ನನಗೆ ಒಬ್ಬರು ಹೇಳಿದ್ದರು. ನಾನು ಅದನ್ನು ಪೇಪರಿನಲ್ಲಿ ಹಾಕಿದ್ದೆ.

ಓದು ಮುಗಿಸಿ ಬಂದ ಹೊಸತು. ಒಂದು ಪತ್ರಿಕೆಗೆ ಅರೆಕಾಲಿಕ ವರದಿಗಾರ. ಬೇಸಿಗೆ. ನಮ್ಮ ತಾಲ್ಲೂಕಿನಲ್ಲಿ ಬೇಸಿಗೆ ಅಂದರೆ ನೀರಿನ ಸುದ್ದಿ, ನೀರಿನ ಸುದ್ದಿ ಅಂದರೆ ಖಾಲಿ ಕೊಡಗಳ ಫೋಟೊ. ಬೋರ್ ಎಷ್ಟು ಕೊರೆದರೂ ನೀರು ಕೆಳಕ್ಕೇ ಹೋಗುತ್ತೆ, ಸಿಕ್ಕ ನೀರಿನಲ್ಲಿ ಫ್ಲೋರೈಡು. ಒಂದು ಹಳ್ಳಿಯ ಮೇಲಿನ ಓಣಿಯ ಹೆಣ್ಣುಮಕ್ಕಳು ಫೋನ್ ಮಾಡಿಸಿದ್ದರು. ಹೋದೆ. ದಿಬ್ಬದ ಮೇಲೆ ಮೂವತ್ತು ನಲವತ್ತು ಮನೆ, ನಲ್ಲಿಗಳಲ್ಲಿ ಗಾಳಿ ಬಿಟ್ಟರೆ ಏನೂ ಬರುತ್ತಿರಲಿಲ್ಲ. "ಕೆಳಗಿನ ಓಣ್ಯಾಗ ರೊಕ್ಕ ಕೊಡ್ತಾರ, ಅದಕ್ಕ ಅಲ್ಲಿ ಬಿಡ್ತಾನ. ನಮ್ಮತ್ರ ಎಲ್ಲಿಂದ ತರಾಣ?" ಅಂದರು ಒಬ್ಬ ಅಜ್ಜಿ. ಉಳಿದವರೂ ಹೌದು ಹೌದು ಅಂದರು.

ನಾನು ನೀರಗಂಟಿಯನ್ನು ಹುಡುಕಿಕೊಂಡು ಹೋದೆ. ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ ಕೂತು ಬೀಡಿ ಸೇದುತ್ತಿದ್ದರು. ಅಪ್ಪನ ವಯಸ್ಸು. ದುಡ್ಡು ತಗೊಂಡು ನೀರು ಬಿಡ್ತೀರಂತಲ್ಲ ಅಂತ ನೇರವಾಗಿ ಕೇಳಿದೆ. ಅವರು ಬೀಡಿ ಆರಿಸಿ ಹೇಳಿದ್ದು ಇಷ್ಟು:

"ನಾನೇನ್ ಹರಿಶ್ಚಂದ್ರ ಅಲ್ರೀ ಸಾರ್. ಮದುವಿ ಮನಿಗೆ ಒಂದ್ ದಿನ ಜಾಸ್ತಿ ಬಿಟ್ಟೀನಿ, ಐವತ್ತು ರೂಪಾಯಿ ಕೊಟ್ರು, ತಗೊಂಡೀನಿ. ಆದ್ರ ಮೇಲಿನ ಓಣಿಗೆ ನಾ ಬಿಡಂಗಿಲ್ಲ ಅನ್ನದು ಸುಳ್ಳು. ನಾ ವಾಲ್ ತಿರುವ್ತೀನಿ, ನೀರು ಏರಂಗಿಲ್ಲ."

ಮೊದಲ ಎರಡು ವಾಕ್ಯ ಬರೆದುಕೊಂಡೆ. ಕೊನೆಯ ಎರಡು ಕಿವಿಗೆ ಬಿದ್ದರೂ ಪುಸ್ತಕಕ್ಕೆ ಇಳಿಯಲಿಲ್ಲ. ಮೂರನೇ ದಿನ ನನ್ನ ಹೆಸರಿನೊಂದಿಗೆ ಸುದ್ದಿ ಬಂತು, ನೀರಗಂಟಿ ಹಣ ಪಡೆದದ್ದನ್ನು ಒಪ್ಪಿಕೊಂಡಿದ್ದಾನೆ ಅಂತ. ಒಪ್ಪಿಕೊಂಡಿದ್ದು ನಿಜ. ಏನನ್ನು ಒಪ್ಪಿಕೊಂಡಿದ್ದು ಅನ್ನೋದು ಸುದ್ದಿಯಲ್ಲಿ ಇರಲಿಲ್ಲ. ವಾರದಲ್ಲಿ ಅವರನ್ನು ಕೆಲಸದಿಂದ ತೆಗೆದರು. ಮೇಲಿನ ಓಣಿಯವರು ನನಗೆ ಚಾ ಕುಡಿಸಿದರು. ಸುದ್ದಿಯ ತುಣುಕು ಕತ್ತರಿಸಿ ಇಟ್ಟುಕೊಂಡೆ. ಈಗಲೂ ಇದೆ, ತೆಗೆದು ನೋಡುವುದಿಲ್ಲ.

ಹೊಸ ನೀರಗಂಟಿ ಬಂದ. ಮೇಲಿನ ಓಣಿಗೆ ನೀರು ಬರಲಿಲ್ಲ. ಎರಡು ತಿಂಗಳಾದ ಮೇಲೆ ಅದೇ ಅಜ್ಜಿ ಮತ್ತೆ ಫೋನ್ ಮಾಡಿಸಿದಾಗ ನನ್ನ ಎದೆ ಧಸಕ್ ಅಂತು. ಈ ಸಲ ಯಾರನ್ನೂ ಕೇಳದೆ ಮೊದಲು ಪೈಪಿನ ಹಿಂದೆ ಹೋದೆ. ವಿಷಯ ಸರಳ ಇತ್ತು. ಬೋರಿನ ಮೋಟರಿಗೆ ತ್ರೀಫೇಸ್ ಕರೆಂಟ್ ಬೇಕು, ಅದು ಬರುತ್ತಿದ್ದದ್ದು ಕೆಲವೇ ತಾಸು, ಅದೂ ರಾತ್ರಿ. ಅಷ್ಟರಲ್ಲಿ ಟ್ಯಾಂಕ್ ಅರ್ಧವೂ ತುಂಬುತ್ತಿರಲಿಲ್ಲ. ಟ್ಯಾಂಕಿನಲ್ಲಿ ನೀರಿನ ಮಟ್ಟ ಕಡಿಮೆ ಆದಷ್ಟೂ ಪೈಪಿನಲ್ಲಿ ಒತ್ತಡ ಕಡಿಮೆ. ಕೆಳಗಿನ ಓಣಿಯ ಎಷ್ಟೋ ನಲ್ಲಿಗಳಿಗೆ ತಿರುವೇ ಇರಲಿಲ್ಲ, ಬಂದ ನೀರು ಚರಂಡಿಗೆ ಹರಿದು ಹೋಗುತ್ತಿತ್ತು. ಎರಡೂ ಓಣಿಗೆ ಒಂದೇ ಲೈನು. ನೀರು ದಿಬ್ಬ ಏರಬೇಕು ಅಂದರೆ ಹೇಗೆ ಏರಬೇಕು? ಮೇಲಿನ ಓಣಿಯವರು ಕಂಡದ್ದು ಕೆಳಗೆ ಹರಿಯುವ ನೀರನ್ನು, ಮದುವೆ ಮನೆಯ ಐವತ್ತು ರೂಪಾಯಿಯನ್ನು. ಎರಡನ್ನೂ ಕೂಡಿಸಿದರು. ಅವರು ಸುಳ್ಳು ಹೇಳಿರಲಿಲ್ಲ. ಕೂಡಿಸಿದ್ದು ತಪ್ಪಾಗಿತ್ತು, ಅದನ್ನು ಕಳೆಯುವುದು ನನ್ನ ಕೆಲಸವಾಗಿತ್ತು.

ನಾನು ಕ್ಲಾಸಿನಿಂದ ಎದ್ದು ಬಂದದ್ದೇ ಒಂದು ದ್ವೀಪವನ್ನು ತಲೆಯಲ್ಲಿ ಇಟ್ಟುಕೊಂಡು. ಖಾಲಿ ಕೊಡ ಹಿಡಿದವರು ಸತ್ಯವಂತರು, ಪಂಚಾಯ್ತಿ ಸಂಬಳ ತಗೊಳ್ಳುವವರು ಸುಳ್ಳುಗಾರರು. ಒಳ್ಳೆ ಮನಸ್ಸಿನಿಂದಲೇ ಇಟ್ಟುಕೊಂಡಿದ್ದು. ಆದರೆ ನಮ್ಮ ಸೀಮೆ ದ್ವೀಪ ಅಲ್ಲ. ಇಲ್ಲಿ ಮಾತಿಗೆ ನೂರು ತರ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿ ವರ್ಷ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲು ಏರಿ, ಸದ್ದಲೇ ಅಂದು ಲಕ್ಷಾಂತರ ಜನರನ್ನು ಸುಮ್ಮನಾಗಿಸಿ, ಒಂದೇ ಸಾಲಿನ ಕಾರ್ಣಿಕ ನುಡಿದು ಕೆಳಕ್ಕೆ ಬೀಳುತ್ತಾರೆ. ಮರುಗಳಿಗೆಯಿಂದಲೇ ಒಬ್ಬರು ಅದು ಮಳೆ ಅಂತಾರೆ, ಒಬ್ಬರು ಸರ್ಕಾರ ಬೀಳುತ್ತೆ ಅಂತಾರೆ. ಆ ಮಾತು ನಿಜವೋ ಸುಳ್ಳೋ ಅಂತ ಯಾವ ಲೆಕ್ಕದಲ್ಲಿ ಕೂರಿಸುತ್ತೀರಿ? ಹರಿಶ್ಚಂದ್ರನೂ ಏನು ದೂರದವನಲ್ಲ, ಅವನ ಕಾವ್ಯ ಬರೆದ ರಾಘವಾಂಕ ಹಂಪೆಯವನೇ. ಕಾವ್ಯವಾಗಲು ಸತ್ಯವಂತ ರಾಜ್ಯ, ಹೆಂಡತಿ, ಮಗ ಎಲ್ಲ ಕಳಕೊಂಡು ಸುಡುಗಾಡು ಕಾಯಬೇಕಾಯಿತು. ಅಷ್ಟು ಆಗದವರೆಲ್ಲ ನೀರಗಂಟಿ ಹೇಳಿದ ಮಾತನ್ನೇ ಹೇಳುತ್ತಾರೆ. ನಮ್ಮಪ್ಪ ಹೇಳುತ್ತಾನೆ, ನಾನೂ ಹೇಳುತ್ತೇನೆ.

ಲೆಕ್ಕದವರಿಗೆ ಇದು ಗೊತ್ತಿಲ್ಲ ಅಂತಲ್ಲ. ಸ್ಮಲ್ಯನ್ನರೇ ಒಮ್ಮೆ ನಿಜ ಒಮ್ಮೆ ಸುಳ್ಳು ಹೇಳುವ ಸಾಮಾನ್ಯರನ್ನೂ ತಮ್ಮ ಲೆಕ್ಕಗಳಲ್ಲಿ ತಂದರು. ಜಾರ್ಜ್ ಬೂಲೋಸ್ ಎಂಬ ತರ್ಕಶಾಸ್ತ್ರದ ವಿದ್ವಾಂಸರು ಜಗತ್ತಿನಲ್ಲೇ ಅತಿ ಕಷ್ಟದ ಒಗಟು ಅಂತ ಒಂದನ್ನು 1996ರಲ್ಲಿ ಪ್ರಕಟಿಸಿದರು. ಮೂವರು ದೇವರು. ಒಬ್ಬ ನಿಜ ಹೇಳುತ್ತಾನೆ, ಒಬ್ಬ ಸುಳ್ಳು, ಮೂರನೆಯವನು ಮನಸ್ಸಿಗೆ ಬಂದಂತೆ. ಇರುವುದು ಮೂರೇ ಪ್ರಶ್ನೆ. ಅವರು ಉತ್ತರಿಸುವ ಭಾಷೆಯಲ್ಲಿ ಹೌದು ಯಾವುದು ಅಲ್ಲ ಯಾವುದು ಅಂತಲೂ ನಮಗೆ ಗೊತ್ತಿಲ್ಲ. ಪೂರ್ತಿ ಬಿಡಿಸೋಕೆ ನನಗೂ ಆಗಿಲ್ಲ, ಉತ್ತರ ಓದಿ ಅರ್ಥ ಮಾಡಿಕೊಂಡೆ. ಆ ಉತ್ತರದಲ್ಲಿ ನನಗೆ ಹಿಡಿಸಿದ್ದು ಮೊದಲ ಪ್ರಶ್ನೆ. ಅದರಿಂದ ಯಾರು ನಿಜ, ಯಾರು ಸುಳ್ಳು ಅಂತ ತಿಳಿಯುವುದಿಲ್ಲ. ಮನಸ್ಸಿಗೆ ಬಂದಂತೆ ಮಾತಾಡದ ಒಬ್ಬ ದೇವರು ಯಾರು ಅಂತ ಮಾತ್ರ ಗೊತ್ತಾಗುತ್ತೆ. ಉಳಿದ ಎರಡನ್ನೂ ಅವನನ್ನೇ ಕೇಳಬೇಕು. ಆ ಹಳ್ಳಿಯಲ್ಲಿ ಅಂಥ ದೇವರು ಕರೆಂಟು ಬರುವ ಹೊತ್ತು ಮತ್ತು ಪೈಪು. ಎರಡೂ ಯಾರ ಪರವೂ ಮಾತಾಡುವುದಿಲ್ಲ.

ಎರಡನೇ ಸುದ್ದಿ ಬರೆದೆ. ಪೈಪು, ಟ್ಯಾಂಕು, ತಿರುವಿಲ್ಲದ ನಲ್ಲಿ. ಒಳಪುಟದಲ್ಲಿ ಸಣ್ಣದಾಗಿ ಬಂತು. ಮೊದಲನೇದು ತಪ್ಪು ಅಂತ ಒಂದು ಸಾಲು ಸೇರಿಸಿದ್ದೆ, ಜಾಗ ಇಲ್ಲ ಅಂತ ಅದು ಹೋಯಿತು. ನೀರಗಂಟಿಗೆ ಕೆಲಸ ವಾಪಸ್ ಸಿಗಲಿಲ್ಲ.

ತಮ್ಮನಿಗೆ ಲೆಕ್ಕ ಹೇಳಿಕೊಟ್ಟ ಮರುದಿನ ಆ ಊರಿಗೆ ಹೋದೆ. ಇಷ್ಟು ವರ್ಷ ಹೋಗಿರಲಿಲ್ಲ. ಅವರು ಈಗ ಮಗನ ಹೊಲದಲ್ಲಿ ಕುರಿ ನೋಡಿಕೊಂಡು ಇದ್ದಾರೆ. ನನ್ನ ಗುರುತು ಹಿಡಿದರು. ಏನು ಹೇಳಬೇಕು ಅಂತ ಬಸ್ಸಿನಲ್ಲಿ ಜೋಡಿಸಿಕೊಂಡು ಹೋಗಿದ್ದೆಲ್ಲ ಕಲಸಿಹೋಯಿತು. "ನಾನು ಬರದಿದ್ದು ತಪ್ಪಾಗಿತ್ತು, ಅಣ್ಣ" ಅಂದೆ. ಅವರು ಸ್ವಲ್ಪ ಹೊತ್ತು ಕುರಿ ಕಡೆ ನೋಡುತ್ತಿದ್ದರು. "ನನ್ ಮಗಳ ಗಂಡನ ಮನ್ಯಾಗ ಓದಿದ್ರು ಅದನ್ನ" ಅಂದರು. ಅಷ್ಟೇ. ಪರವಾಗಿಲ್ಲ ಅನ್ನಲಿಲ್ಲ. ನಾನೂ ಅದನ್ನು ನಿರೀಕ್ಷಿಸಬಾರದಿತ್ತು.

ಆಮೇಲೆ ಮಜ್ಜಿಗೆ ಕೊಡಿಸಿದರು. ಮಾತಿಗೆ ಮಾತು ಬಂದು ತಮ್ಮನ ಪರೀಕ್ಷೆ ವಿಷಯ ಬಂತು. ಲೆಕ್ಕವನ್ನೂ ಹೇಳಿದೆ. ಎರಡು ದಾರಿ, ಇಬ್ಬರು, ಒಂದೇ ಪ್ರಶ್ನೆ. ಅವರು ಕೇಳಿಸಿಕೊಂಡು, "ಕೊಟ್ಟೂರಿನ ದಾರ್ಯಾಗ ಬಂಡಿ ಗಾಲಿ ಗುರುತು ಇರ್ತತಿ. ಕಾಡಿನ ದಾರ್ಯಾಗ ಇರಂಗಿಲ್ಲ. ನೆಲ ನೋಡಾದು ಬಿಟ್ಟು ಅವರ್ನ್ಯಾಕ ಕೇಳ್ತೀರಿ?" ಅಂದರು.

ಮನೆಗೆ ಬಂದು ತಮ್ಮನಿಗೆ ಹೇಳಿದೆ. ಅವನು ಪುಸ್ತಕದಿಂದ ತಲೆ ಎತ್ತದೆ, "ಪರೀಕ್ಷೆದಾಗ ಆ ಆಪ್ಷನ್ ಇರಂಗಿಲ್ಲಣ್ಣ" ಅಂದ.